ಅಂಗಳದ ಪೂಲಿಗೆ ಮೃಗಶಿರದವರೆಗಷ್ಟೇ ಜಾಗ

ಅಡಿಕೆ ಒಣಗಿ ಚೀಲ ಸೇರಿದ ಮೇಲೆ ನಮ್ಮ ಕಡೆಯ ಅಂಗಳಗಳು ಖಾಲಿ ಬೀಳುತ್ತವೆ. ಅದೇ ಹೊತ್ತಿಗೆ ಶಾಲೆಗೆ ರಜೆ. ಬೆಂಗಳೂರು, ಹುಬ್ಬಳ್ಳಿಯಿಂದ ಮೊಮ್ಮಕ್ಕಳು ಬಂದಿಳಿಯುತ್ತಾರೆ. ಹಿಂದಾದರೆ ಮಧ್ಯಾಹ್ನ ಊಟ ಮುಗಿದದ್ದೇ ಮಕ್ಕಳು ಕೆರೆಗೆ ಓಡುತ್ತಿದ್ದರು, ಬನವಾಸಿ ಸಮೀಪದವರಾದರೆ ವರದಾ ನದಿಗೆ. ಈಗ ದೊಡ್ಡವರು ಬಿಡುವುದಿಲ್ಲ. ಆ ಜಾಗಕ್ಕೆ ರಟ್ಟಿನ ಪೆಟ್ಟಿಗೆಯಲ್ಲಿ ಈಜುಕೊಳ ಬಂದಿದೆ. ಕಬ್ಬಿಣದ ಕೊಳವೆಗಳನ್ನು ಒಂದಕ್ಕೊಂದು ಸೇರಿಸಿ, ದಪ್ಪ ಪ್ಲಾಸ್ಟಿಕ್ಕಿನ ತೊಟ್ಟಿಯನ್ನು ಅದಕ್ಕೆ ತೂಗುಹಾಕಿ, ಪೈಪು ಬಿಟ್ಟರೆ ಸಂಜೆಯೊಳಗೆ ಅಂಗಳದಲ್ಲಿ ನೀಲಿ ನೀರು.

ಸಿರ್ಸಿ ಸೀಮೆಯ ದಾಸನಕೊಪ್ಪದ ಸುತ್ತ ಶುಂಠಿ, ಅನಾನಸಿನ ದುಡ್ಡು ಕೈಗೆ ಹತ್ತಿದ ವರ್ಷ ಇಂಥ ಆಸೆಗಳೂ ಹತ್ತುತ್ತವೆ. ತಪ್ಪೇನಿಲ್ಲ. ಸಿರ್ಸಿ, ಯಲ್ಲಾಪುರದ ಹೋಮ್‌ಸ್ಟೇಗಳಿಗಂತೂ ನೆಲ ಅಗೆಯದೆ ನಿಲ್ಲಿಸುವ ಈ ಪೂಲು ಅನುಕೂಲವೇ. ತೊಂದರೆ ಇರುವುದು ಬೇರೆ ಕಡೆ. ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ನಿಲ್ಲಿಸುವ ಕೆಲಸದ ಚಿತ್ರಗಳು ದೊಡ್ಡದಾಗಿರುತ್ತವೆ. ನಿಲ್ಲಿಸಿದ ಮೇಲಿನ ಕೆಲಸ ಸಣ್ಣ ಅಕ್ಷರದಲ್ಲಿ, ಹತ್ತಾರು ಭಾಷೆಗಳಲ್ಲಿ, ಕನ್ನಡವೊಂದನ್ನು ಬಿಟ್ಟು. ನೆಲ, ಬಸಿಗಾಲುವೆ, ಬೇಲಿ, ಏಣಿ, ಕರೆಂಟು, ನೀರಿನ ಶುದ್ಧಿ ಎಲ್ಲ ಆ ಸಣ್ಣ ಅಕ್ಷರದೊಳಗೆ ಸೇರಿಕೊಂಡಿವೆ. ನಮ್ಮ ಮಳೆಯ ವಿಷಯ ಮಾತ್ರ ಅದರಲ್ಲೂ ಇಲ್ಲ.

ಮೊದಲು ತೂಕದ ಲೆಕ್ಕ. 12 ಅಡಿ ಅಗಲ, 30 ಇಂಚು ಎತ್ತರದ ದುಂಡು ಪೂಲು ಮಧ್ಯಮ ಗಾತ್ರದ್ದು. ಅದು ಸುಮಾರು 6,500 ಲೀಟರ್ ನೀರು ಹಿಡಿಯುತ್ತದೆ, ಅಂದರೆ ಆರೂವರೆ ಟನ್. ಪ್ರತಿ ಚದರ ಮೀಟರ್ ನೆಲದ ಮೇಲೆ 600 ಕಿಲೋ ಮೀರಿದ ಭಾರ. ಜನ ಓಡಾಡುವ ತಾರಸಿಗೆ ನಮ್ಮ ದೇಶದ ಐಎಸ್ 875 ಮಾನಕ ಹಿಡಿಯುವ ಲೆಕ್ಕ ಚದರ ಮೀಟರಿಗೆ ಸುಮಾರು 150 ಕಿಲೋ. ಹಾಗಾಗಿ ‘ಅಂಗಳ ಯಾಕೆ ಹಾಳು, ತಾರಸಿ ಮೇಲೆ ಇಡೋಣ’ ಎನ್ನುವವರಿಗೆ ಉತ್ತರ ಒಂದೇ: ಬೇಡ. ಶೌಚದ ಗುಂಡಿಯ ಚಪ್ಪಡಿ, ಮುಚ್ಚಿದ ಹಳೇ ಬಾವಿ, ಇಂಗುಗುಂಡಿ ಇವುಗಳ ಮೇಲೂ ಬೇಡ. ತೆಂಗಿನ ಮರದ ಬುಡದಲ್ಲಿ ಬೇಡವೆಂದು ಬೇರೆ ಹೇಳಬೇಕಿಲ್ಲ.

ನೆಲ ಮಟ್ಟವಿದೆಯೆಂದು ಕಣ್ಣಳತೆಯಲ್ಲಿ ನಂಬುವುದು ಎರಡನೆಯ ತಪ್ಪು. ಅಡಿಕೆ ಒಣಗಿಸುವ ಅಂಗಳ ನೋಡಲು ಸಪಾಟು. ಆದರೆ ಮಳೆನೀರು ನಿಲ್ಲಬಾರದೆಂದು ಹಿರಿಯರು ಅದಕ್ಕೆ ಬೇಕೆಂದೇ ವಾಟ ಕೊಟ್ಟಿರುತ್ತಾರೆ. ಈ ಕಡೆಯ ಒಂದು ಮನೆಯಲ್ಲಿ ವಯಸ್ಸಾದ ಗಾರೆ ಮೇಸ್ತ್ರಿಯೊಬ್ಬರು ಅದನ್ನು ತೋರಿಸಿಕೊಟ್ಟ ರೀತಿ ಚೆನ್ನಾಗಿತ್ತು. ಪಾರದರ್ಶಕ ಪೈಪಿಗೆ ನೀರು ತುಂಬಿಸಿ, ಗುಳ್ಳೆ ಉಳಿಯದಂತೆ ಬೆರಳಿನಿಂದ ತಟ್ಟಿ, ಒಂದು ತುದಿಯನ್ನು ಜಗಲಿ ಕಡೆಯ ಗೂಟಕ್ಕೂ ಇನ್ನೊಂದನ್ನು ತೋಟದ ಕಡೆಯ ಗೂಟಕ್ಕೂ ಹಿಡಿಸಿದರು. ನೀರು ನಿಂತಲ್ಲಿ ಎರಡೂ ಗೂಟಕ್ಕೆ ಸುಣ್ಣದ ಗೀಟು. ಗೀಟಿನಿಂದ ನೆಲಕ್ಕೆ ಅಳೆದರೆ ತೋಟದ ಕಡೆ ಮೂರು ಬೆರಳು ತಗ್ಗು. “ಗೌಡ್ರೆ, ನಿಮ್ಮ ಕಣ್ಣಿಗೆ ಕಾಣದ್ದು ನೀರಿಗೆ ಕಾಣತೈತಿ” ಎಂದು ಪೈಪು ಸುತ್ತತೊಡಗಿದರು. ಮನೆಯ ಯಜಮಾನರು ಅಷ್ಟು ಹೊತ್ತೂ ಮೊಬೈಲಿನ ರಸಮಟ್ಟ ಹಿಡಿದು ‘ಸರಿ ಇದೆ, ಸರಿ ಇದೆ’ ಎನ್ನುತ್ತಿದ್ದರು.

ಮೂರು ಬೆರಳಿಗೆ ಇಷ್ಟು ಗದ್ದಲ ಯಾಕೆ? ತೊಟ್ಟಿಯ ಗೋಡೆಯನ್ನು ನೀರು ಹೊರಕ್ಕೆ ನೂಕುವ ಬಲ ಆಳದ ಜೊತೆ ಸರಿಸಮವಾಗಿ ಏರುವುದಿಲ್ಲ, ಆಳದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಒಂದು ಬದಿಯಲ್ಲಿ 24 ಇಂಚು, ಎದುರು ಬದಿಯಲ್ಲಿ 26 ಇಂಚು ನೀರು ನಿಂತರೆ ಆಚೆಯ ಬಲ ಶೇಕಡಾ 17ರಷ್ಟು ಹೆಚ್ಚು. ಅಲ್ಲಿಯ ಕಾಲುಗಳು ದಿನವೂ ಕೂದಲೆಳೆಯಷ್ಟು ಹೊರಕ್ಕೆ ವಾಲುತ್ತವೆ. ಮಕ್ಕಳು ಒಟ್ಟಿಗೆ ಒಂದೇ ಕಡೆ ಹಾರಿದ ದಿನ ಕೊಕ್ಕೆ ಬಿಚ್ಚುತ್ತದೆ, ಆರೂವರೆ ಟನ್ ನೀರು ಜಗಲಿಗೋ ಕೊಟ್ಟಿಗೆಗೋ ನುಗ್ಗುತ್ತದೆ. ಈ ಅಗಲಕ್ಕೆ ಒಂದು ಇಂಚಿಗಿಂತ ಹೆಚ್ಚು ವಾಟ ಇರದಿದ್ದರೆ ಒಳ್ಳೆಯದು.

ಈಗಾಗಲೇ ನಿಲ್ಲಿಸಿಯಾಗಿದ್ದರೆ? ಎರಡಿಂಚು ನೀರು ಬಿಟ್ಟು ನೋಡಿ. ಒಂದು ಕಡೆ ಪಾದ ಮುಳುಗಿ ಇನ್ನೊಂದು ಕಡೆ ತಳ ಕಾಣುತ್ತಿದ್ದರೆ ಆಗಲೇ ಖಾಲಿ ಮಾಡಿ ಬಿಚ್ಚಿ. ತುಂಬಿದ ಮೇಲೆ ಕಾಲಿನಡಿ ಹಲಗೆ ತುರುಕಿ ಸರಿಪಡಿಸುತ್ತೇನೆಂದು ಹೊರಡಬೇಡಿ. ಮಟ್ಟ ಮಾಡುವಾಗ ಎತ್ತರದ ಕಡೆ ಕೆತ್ತಬೇಕೇ ಹೊರತು ತಗ್ಗಿಗೆ ಮಣ್ಣು ಸುರಿಯಬಾರದು. ಸುರಿದ ಮಣ್ಣು ಎಷ್ಟು ತುಳಿದರೂ ನೀರಿನ ಭಾರಕ್ಕೆ ಮತ್ತೆ ಕೂರುತ್ತದೆ. ಪ್ರತಿ ಕಾಲಿನ ಕೆಳಗೆ ಒಂದಡಿ ಚೌಕದ ಕಡಪ ಕಲ್ಲನ್ನು ನೆಲದ ಸಮಕ್ಕೆ ಹೂತರೆ ಕಾಲು ಮಣ್ಣಿಗೆ ಇಳಿಯುವುದಿಲ್ಲ. ತೊಟ್ಟಿಯ ತಳಕ್ಕೆ ಜರಡಿ ಹಿಡಿದ ಮರಳಿನ ತೆಳು ಹಾಸು, ಅದರ ಮೇಲೆ ದಪ್ಪ ತಾಡಪಾಲು. ಇನ್ನೊಂದು ಶತ್ರು ಜೇಕು, ಕೆಲವರು ಕೊನ್ನಾರಿಗಡ್ಡೆ ಎನ್ನುವ ಹುಲ್ಲು. ಅದರ ಮೊಳಕೆ ಸೂಜಿಯಂತೆ ಚೂಪು. ತಾಡಪಾಲನ್ನೂ ಪೂಲಿನ ತಳವನ್ನೂ ಕೆಳಗಿನಿಂದ ತೂತು ಮಾಡಿ ಮೇಲೆ ಬರುತ್ತದೆ. ಸಗಣಿ ಸಾರಿಸಿ ತುಳಿದು ಗಟ್ಟಿಯಾದ ಅಂಗಳದಲ್ಲಿ ಇದರ ಕಾಟ ಕಡಿಮೆ. ಗದ್ದೆ ಅಂಚಿನಲ್ಲಿ, ಶುಂಠಿ ಕಿತ್ತ ಹೊಲದಲ್ಲಿ ಇಡುವವರು ಮಾತ್ರ ಗಡ್ಡೆ ಸಮೇತ ಅಗೆದು ತೆಗೆಯಲೇಬೇಕು.

ಇನ್ನು ಸುತ್ತಲ ಜಾಗ. ಮಕ್ಕಳು ಹಾರಿದಾಗ ಚೆಲ್ಲುವ ನೀರು ಎರಡೇ ದಿನದಲ್ಲಿ ಕೆಂಪು ಮಣ್ಣನ್ನು ರಾಡಿ ಮಾಡುತ್ತದೆ. ಆ ರಾಡಿ ಕಾಲಿಗಂಟಿ ಮತ್ತೆ ಪೂಲಿಗೇ ಸೇರುತ್ತದೆ. ತೊಟ್ಟಿಯ ಸುತ್ತ ಎರಡಡಿ ಅಗಲಕ್ಕೆ ಸಣ್ಣ ಜಲ್ಲಿ ಹರಡಿ, ಅದರ ಹೊರಗೆ ಗೇಣು ಅಗಲದ ಬಸಿಗಾಲುವೆ ತೆಗೆದು ತೋಟದ ಕಡೆ ತಿರುಗಿಸಿದರೆ ಮುಗಿಯಿತು. ಬಸಿಗಾಲುವೆ ತೆಗೆಯುವುದನ್ನು ಅಡಿಕೆ ತೋಟದವರಿಗೆ ಯಾರೂ ಕಲಿಸಬೇಕಾಗಿಲ್ಲ. ಏಣಿಯ ಬುಡದಲ್ಲಿ ಕಾಲು ತೊಳೆಯಲು ಅಗಲ ಬಾಯಿಯ ನೀರಿನ ಟಬ್ಬೊಂದು ಇರಲಿ. ಕಾಲು ತೊಳೆದೇ ಜಗಲಿ ಹತ್ತುವ ರೂಢಿ ನಮ್ಮಲ್ಲಿ ಇದ್ದೇ ಇದೆ, ಪೂಲಿಗೂ ಅದೇ ನಿಯಮ.

ಈ ಹಂತದಲ್ಲಿ ಮನೆಯಲ್ಲಿ ಯಾರಾದರೊಬ್ಬರು ಯೂಟ್ಯೂಬ್ ನೋಡಿ ಬಂದು ‘ಸುತ್ತ ಮರದ ಅಟ್ಟಣೆ ಹಾಕಿಸೋಣ, ಟೈಲ್ಸ್ ಕೂರಿಸೋಣ, ಸಂಜೆಗೆ ದೀಪ ಬಿಡೋಣ’ ಎನ್ನುತ್ತಾರೆ. ನನ್ನ ಮಾತು ಕೇಳುವುದಾದರೆ ಮೂರೂ ಬೇಡ. ಟೈಲ್ಸು ಒದ್ದೆಯಾದರೆ ಜಾರುತ್ತದೆ, ಕಾರ್ತಿಕದಲ್ಲಿ ಅಡಿಕೆ ಹರವಲು ಅದೇ ಅಂಗಳ ಬೇಕು. ಅಡಿಕೆ ದಬ್ಬೆಯ ಅಟ್ಟಣೆ ಅಗ್ಗವೇನೋ ಹೌದು, ಆದರೆ ನೀರು ಕುಡಿದ ದಬ್ಬೆಯ ಸಿಬಿರು ಮಕ್ಕಳ ಪಾದಕ್ಕೂ ಪ್ಲಾಸ್ಟಿಕ್ಕಿಗೂ ಒಂದೇ ರೀತಿ ಚುಚ್ಚುತ್ತದೆ. ಅಟ್ಟಣೆಯ ನಿಜವಾದ ದೋಷ ಅದಲ್ಲ. ಹತ್ತಲಾಗದ ಗೋಡೆಗೆ ಅದು ಮೆಟ್ಟಿಲು ಕಟ್ಟಿಕೊಡುತ್ತದೆ.

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ನಾಡಿನ ನೀರೆಲ್ಲ ನೆಲದಿಂದ ಕೆಳಗೆ ಇದ್ದದ್ದು. ದಾಸನಕೊಪ್ಪಕ್ಕೆ ನೆರೆಯ ಬನವಾಸಿಯಲ್ಲಿ, ಮಧುಕೇಶ್ವರ ದೇವಾಲಯದ ಆವರಣದಲ್ಲಿರುವ ನಾಗರಕಲ್ಲಿನ ಪ್ರಾಕೃತ ಶಾಸನ ಶಿವಸ್ಕಂದನಾಗಶ್ರೀ ಎಂಬ ರಾಜಮನೆತನದ ಹೆಣ್ಣುಮಗಳು ನಾಗ, ವಿಹಾರಗಳ ಜೊತೆ ಕೆರೆಯನ್ನೂ ಮಾಡಿಸಿಕೊಟ್ಟದ್ದನ್ನು ಹೇಳುತ್ತದೆ. ಕದಂಬರಿಗೂ ಹಿಂದಿನ ಮಾತು ಅದು. ಕೆರೆಗೆ ಇಳಿಜಾರು ದಂಡೆ, ಕಲ್ಯಾಣಿಗೆ ಮೆಟ್ಟಿಲು. ಬಿದ್ದವರು ಕೈಗೆ ಸಿಕ್ಕ ಕಲ್ಲು ಹಿಡಿದು ಮೇಲೆ ಬರುವುದಕ್ಕೆ ದಾರಿಯಿತ್ತು. ಪ್ಲಾಸ್ಟಿಕ್ ಹೊದಿಕೆ ಈ ದಾರಿಯನ್ನು ಕಿತ್ತುಕೊಂಡಿತು. 2014ರಲ್ಲಿ ಬಂದ ಕೃಷಿಭಾಗ್ಯ ಯೋಜನೆಯಡಿ ರಾಜ್ಯದ ಉದ್ದಕ್ಕೂ ಪ್ಲಾಸ್ಟಿಕ್ ಹೊದಿಸಿದ ಕೃಷಿಹೊಂಡಗಳಾದವು. ಹೊದಿಕೆಯ ಮೇಲೆ ಪಾಚಿ ಕಟ್ಟಿದರೆ ಈಜು ಬಲ್ಲವನೂ ಜಾರುತ್ತಾನೆ. ಅಂಥ ಹೊಂಡಗಳಲ್ಲಿ ಮಕ್ಕಳು ಸತ್ತ ಸುದ್ದಿ ಓದದ ಜಿಲ್ಲೆ ಕಡಿಮೆ. ಈಗ ಆ ಯೋಜನೆಯಲ್ಲಿ ಹೊಂಡದ ಜೊತೆ ತಂತಿಬೇಲಿಯೂ ಸೇರಿದೆ. ಅಂಗಳದ ಪೂಲಿನ ಒಳಗೋಡೆಯೂ ಅದೇ ಜಾತಿಯದು: ನುಣುಪು, ನೆಟ್ಟಗೆ, ಹಿಡಿಯಲು ಏನೂ ಇಲ್ಲ.

‘ನಮ್ಮದು ಎತ್ತರದ ಪೂಲು, ಮಗು ಹತ್ತುವುದಿಲ್ಲ’ ಎನ್ನುವ ಧೈರ್ಯಕ್ಕೆ ಅಮೆರಿಕದಿಂದ ಒಂದು ಉತ್ತರವಿದೆ. 2025ರ ಜುಲೈನಲ್ಲಿ ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಬೆಸ್ಟ್‌ವೇ, ಇಂಟೆಕ್ಸ್, ಪಾಲಿಗ್ರೂಪ್ ಕಂಪನಿಗಳ ಸುಮಾರು 50 ಲಕ್ಷ ಪೂಲುಗಳ ಬಗ್ಗೆ ಹಿಂಪಡೆತದ ಪ್ರಕಟಣೆ ಹೊರಡಿಸಿತು. ಎಲ್ಲವೂ 48 ಇಂಚು ಅಥವಾ ಅದಕ್ಕೂ ಎತ್ತರದವು. ಅವುಗಳ ಕಾಲುಗಳನ್ನು ಹೊರಗಿನಿಂದ ಬಿಗಿದು ಹಿಡಿಯಲು ಸುತ್ತ ಒಂದು ಪಟ್ಟಿ ಇರುತ್ತದೆ. ಪುಟ್ಟ ಮಕ್ಕಳು ಆ ಪಟ್ಟಿಯ ಮೇಲೆ ಕಾಲಿಟ್ಟು ಗೋಡೆ ಹತ್ತಿದ್ದರು. 2007ರಿಂದ 2022ರ ನಡುವೆ ಹೀಗೆ ಮುಳುಗಿ ಸತ್ತರೆಂದು ಹೇಳಲಾದ ಮಕ್ಕಳು ಒಂಬತ್ತು, ವಯಸ್ಸು 22 ತಿಂಗಳಿಂದ ಮೂರು ವರ್ಷ. ಪಟ್ಟಿಯ ಬದಲಿಗೆ ಕಟ್ಟಿಕೊಳ್ಳಲು ಹಗ್ಗ ಕಳಿಸುತ್ತೇವೆ, ಅದನ್ನು ಬಿಗಿದ ಮೇಲೆ ಹಳೆಯ ಪಟ್ಟಿ ಕತ್ತರಿಸಿ ತೆಗೆಯಿರಿ ಎಂಬುದು ಕಂಪನಿಗಳು ಕೊಟ್ಟ ಪರಿಹಾರ. ನಿಮ್ಮ ಪೂಲಿಗೂ ಇಂಥ ಪಟ್ಟಿ ಇದ್ದರೆ ಕಂಪನಿಯನ್ನು ಕೇಳಿ. ನೀರು ತುಂಬಿರುವಾಗ ನೀವೇ ಕತ್ತರಿಸಬೇಡಿ, ಪೂಲಿನ ಬಿಗಿ ಅದರಲ್ಲೇ ಇರುತ್ತದೆ.

ಎರಡು ವರ್ಷದ ಮಗುವಿಗೆ ಬೆರಳಗಲದ ಪಟ್ಟಿ ಸಾಕಾಗುತ್ತದೆ ಎಂದ ಮೇಲೆ ಅಂಗಳದಲ್ಲಿ ಏನೇನಿದೆ ನೋಡಿ: ಪಂಪಿನ ಡಬ್ಬಿ, ಪ್ಲಾಸ್ಟಿಕ್ ಕುರ್ಚಿ, ಮಗುಚಿಟ್ಟ ಬಕೆಟ್ಟು, ಹಳೇ ಒರಳು. ಇವೆಲ್ಲ ಪೂಲಿನಿಂದ ನಾಲ್ಕಡಿ ಆಚೆ ಇರಬೇಕು. ಏಣಿಯನ್ನು ಬಳಸಿದ ಕೂಡಲೇ ಎತ್ತಿ ಒಳಗಿಡಬೇಕು, ಪೂಲಿಗೆ ಆನಿಸಿಡುವುದಲ್ಲ. ಆಮೇಲೆ ಬೇಲಿ. ಕನಿಷ್ಠ ನಾಲ್ಕಡಿ ಎತ್ತರ, ನಾಲ್ಕೂ ಕಡೆ. ಒಂದು ಕಡೆ ಮನೆಯ ಗೋಡೆಯೇ ಇದೆಯಲ್ಲ ಎಂದು ಬಿಟ್ಟರೆ ಮಗು ಬರುವುದು ಮನೆಯೊಳಗಿನಿಂದಲೇ. ಇಲ್ಲಿ ಮಾತ್ರ ಅಡಿಕೆ ದಬ್ಬೆಗೆ ನನ್ನ ಪೂರ್ಣ ಬೆಂಬಲ. ದಬ್ಬೆಗಳನ್ನು ನೆಟ್ಟಗೆ ನಿಲ್ಲಿಸಿ, ನಡುವೆ ನಾಲ್ಕು ಬೆರಳಿಗಿಂತ ಹೆಚ್ಚು ಸಂದು ಬಿಡದೆ ಕಟ್ಟಬೇಕು. ಅಡ್ಡಪಟ್ಟಿಗಳು ಪೂಲಿನ ಕಡೆ ಇರಲಿ, ಹೊರಗಡೆ ಬೇಡ. ದನಕ್ಕೆ ಬೇಲಿ ಕಟ್ಟುವಾಗ ನಾವು ಅಡ್ಡಪಟ್ಟಿಯನ್ನು ಕೈಗೆ ಸುಲಭವಾದ ಕಡೆ ಬಿಗಿಯುತ್ತೇವೆ. ಇಲ್ಲಿ ಹಾಗೆ ಮಾಡಿದರೆ ಬೇಲಿಯೇ ಏಣಿಯಾಗುತ್ತದೆ. ಬಾಗಿಲು ಹೊರಕ್ಕೆ ತೆರೆಯಲಿ, ಸ್ಪ್ರಿಂಗಿಗೆ ತಾನಾಗಿ ಮುಚ್ಚಲಿ, ಚಿಲಕ ದೊಡ್ಡವರ ಎದೆಮಟ್ಟದಲ್ಲಿರಲಿ. ಇದೇ ಬೇಲಿ ಕರುವನ್ನೂ ನಾಯಿಯನ್ನೂ ತಡೆಯುತ್ತದೆ. ಮಂಗನನ್ನು ತಡೆಯುವ ಬೇಲಿ ಸಿರ್ಸಿ ಸೀಮೆಯಲ್ಲಿ ಇನ್ನೂ ಯಾರೂ ಕಟ್ಟಿಲ್ಲ.

ಮೇಲೆ ಹೊದಿಸುವ ತಾಡಪಾಲು ಎಲೆ, ಧೂಳು ತಡೆಯಲು ಮಾತ್ರ. ಅದರ ಮೇಲೆ ಕಾಲಿಟ್ಟ ಮಗು ತಾಡಪಾಲಿನ ಸಮೇತ ಮುಳುಗುತ್ತದೆ, ಮೇಲಿನಿಂದ ನೋಡುವವರಿಗೆ ಏನೂ ಕಾಣುವುದಿಲ್ಲ. ನಮ್ಮ ದೇಶದಲ್ಲಿ ಮುಳುಗಿ ಸಾಯುವವರು ವರ್ಷಕ್ಕೆ 30 ಸಾವಿರಕ್ಕೂ ಹೆಚ್ಚು. 2021ರಲ್ಲಿ ವಿಶ್ವಸಂಸ್ಥೆ ಜುಲೈ 25ನ್ನು ಮುಳುಗುಸಾವು ತಡೆ ದಿನವೆಂದು ಗೊತ್ತುಮಾಡಿತು. ಮುಳುಗುವ ಮಗು ಕೂಗುವುದಿಲ್ಲ, ನೀರು ಬಡಿಯುವುದೂ ಇಲ್ಲ. ಬಾಯಿ ನೀರಿನ ಮೇಲೆ ಉಳಿಯುವುದೇ ಅದಕ್ಕೆ ಕಷ್ಟ. ಆದ್ದರಿಂದ ‘ಒಳಗಿದ್ದರೂ ಕಿವಿ ಅಲ್ಲೇ ಇರುತ್ತದೆ’ ಎಂಬ ಕಾವಲು ಕೆಲಸಕ್ಕೆ ಬಾರದು.

ಕರೆಂಟಿನ ವಿಷಯ ಚಿಕ್ಕದು, ರಾಜಿಯಿಲ್ಲದ್ದು. ಫಿಲ್ಟರ್ ಪಂಪಿಗೆ ಜಗಲಿಯಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದು ಹುಲ್ಲಿನ ಮೇಲೆ ಬಿಡುವುದು ನಮ್ಮಲ್ಲಿ ಮಾಮೂಲು. ಅದರ ಬದಲು ಪೂಲಿನಿಂದ ದೂರದ ಗೋಡೆಗೆ, ಮಳೆ ತಾಗದ ಎತ್ತರಕ್ಕೆ ಒಂದು ಪಾಯಿಂಟು ಹಾಕಿಸಿ, ಸರಿಯಾದ ಅರ್ಥಿಂಗ್ ಕೊಡಿಸಿ, 30 ಮಿಲಿ ಆಂಪಿಯರ್ ಕರೆಂಟು ಸೋರಿದರೆ ತಾನಾಗಿ ಬೀಳುವ ಆರ್‌ಸಿಸಿಬಿ ಕೂರಿಸಿ. ಮನೆಯ ಎಂಸಿಬಿ ಈ ಕೆಲಸ ಮಾಡುವುದಿಲ್ಲ. ಅದು ವೈರನ್ನು ಉಳಿಸುತ್ತದೆ, ಮನುಷ್ಯನನ್ನಲ್ಲ. ಮಕ್ಕಳು ನೀರಿನಲ್ಲಿದ್ದಾಗ ಪಂಪು ಬಂದ್. ಏಪ್ರಿಲ್, ಮೇ ಅಡ್ಡಮಳೆಗೆ ಸಿಡಿಲು ಜಾಸ್ತಿ. ಮೊದಲ ಗುಡುಗಿಗೇ ಎಲ್ಲರೂ ಹೊರಗೆ, ಕೊನೆಯ ಗುಡುಗು ಕೇಳಿ ಅರ್ಧ ತಾಸು ಆಗುವವರೆಗೆ ಯಾರೂ ಒಳಗಿಲ್ಲ.

ಇನ್ನು ನೀರು. ಜಲಜೀವನ ಮಿಷನ್ ತಲೆಗೆ ದಿನಕ್ಕೆ 55 ಲೀಟರ್ ಎಂದು ಗುರಿ ಇಟ್ಟಿದೆ. ಆ ಲೆಕ್ಕಕ್ಕೆ 6,500 ಲೀಟರ್ ಎಂದರೆ ಐದು ಜನರ ಮನೆಯ 23 ದಿನದ ನೀರು. ಅದನ್ನು ಬಾವಿಗಳು ತಳ ಕಾಣುವ ಏಪ್ರಿಲಿನಲ್ಲಿ ತುಂಬುತ್ತೇವೆ. ಹೀಗಿರುವಾಗ ವಾರಕ್ಕೊಮ್ಮೆ ಚೆಲ್ಲಿ ಹೊಸದು ತುಂಬುವುದು ಊರಿನ ಎದುರು ತಲೆ ಎತ್ತಿ ಮಾಡುವ ಕೆಲಸವಲ್ಲ. ಒಮ್ಮೆ ತುಂಬಿದ್ದನ್ನು ರಜೆ ಮುಗಿಯುವವರೆಗೆ ಕಾಯ್ದುಕೊಳ್ಳಬೇಕು. ತಾಸಿಗೆ 2,000 ಲೀಟರ್ ಎತ್ತುವ ಪಂಪಾದರೆ ಇಡೀ ನೀರು ಒಮ್ಮೆ ಫಿಲ್ಟರ್ ಹಾಯಲು ಮೂರೂಕಾಲು ತಾಸು ಬೇಕು. ದಿನಕ್ಕೆ ಅಷ್ಟಾದರೂ ಓಡಿಸಿ. ಮೇಲೆ ನರ್ಸರಿಗೆ ಕಟ್ಟುವ ಹಸಿರು ನೆರಳು ಬಲೆ ಕಟ್ಟಿದರೆ ಎಲೆ ಬೀಳುವುದಿಲ್ಲ, ಬಿಸಿಲಿಗೆ ಕ್ಲೋರಿನ್ ಹಾರುವುದೂ ತಗ್ಗುತ್ತದೆ.

ಕ್ಲೋರಿನ್ನಿಗೆ ಪಂಚಾಯ್ತಿಯವರು ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರೇ ಸಾಕು. ಹೊಸ ಪೌಡರಿನಲ್ಲಿ ಶೇಕಡಾ 30ರ ಆಸುಪಾಸು ಕ್ಲೋರಿನ್ ಇರುತ್ತದೆ. ಲೀಟರಿಗೆ 2 ಮಿಲಿಗ್ರಾಂ ಬೇಕೆಂದರೆ ಈ ಪೂಲಿಗೆ ಒಮ್ಮೆಗೆ 45 ಗ್ರಾಂ ಸಾಕಾಗುತ್ತದೆ. ಹಿಡಿಗಟ್ಟಲೆ ಎರಚುವುದೇನೂ ಬೇಡ. ಬಕೆಟ್ ನೀರಿಗೆ ಪೌಡರು ಹಾಕಿ ಕಲಕಿ (ಪೌಡರಿನ ಮೇಲೆ ನೀರು ಸುರಿಯುವುದಲ್ಲ), ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿಯನ್ನಷ್ಟೇ ಸಂಜೆ ಪೂಲಿಗೆ ಬಿಡಿ. ಬೆಳಿಗ್ಗೆ ಪರೀಕ್ಷೆ ಕಿಟ್ಟಿನಲ್ಲಿ ಕ್ಲೋರಿನ್ 1ರಿಂದ 3ರ ನಡುವೆ, ಪಿಎಚ್ 7.2ರಿಂದ 7.8ರ ನಡುವೆ ಇದ್ದರೆ ಮಕ್ಕಳನ್ನು ಬಿಡಬಹುದು. ಬೋರಿನ ನೀರು ತುಂಬಿದವರಿಗೆ ಕ್ಲೋರಿನ್ ಹಾಕಿದ ಕೂಡಲೇ ನೀರು ಚಹಾ ಬಣ್ಣಕ್ಕೆ ತಿರುಗಿ ಗಾಬರಿಯಾಗುವುದುಂಟು. ನೀರಿನಲ್ಲಿ ಕರಗಿದ್ದ ಕಬ್ಬಿಣ ಕ್ಲೋರಿನ್ ತಾಗಿ ಹೊರಬಂದಿರುತ್ತದೆ, ಅಷ್ಟೇ. ಫಿಲ್ಟರ್ ಓಡಿಸಿ, ಕಾಟ್ರಿಜ್ ಪದೇ ಪದೇ ತೊಳೆದರೆ ಇಳಿಯುತ್ತದೆ. ಒಂದು ಮಾತು ಗಟ್ಟಿಯಾಗಿ ನೆನಪಿರಲಿ: ಬ್ಲೀಚಿಂಗ್ ಪೌಡರಿಗೆ ಶೌಚಾಲಯ ತೊಳೆಯುವ ಆ್ಯಸಿಡ್ ತಾಗಿದರೆ ವಿಷಗಾಳಿ ಏಳುತ್ತದೆ. ಅಂಗಡಿಯಲ್ಲಿ ಸಿಗುವ ಬೇರೆ ಜಾತಿಯ ಕ್ಲೋರಿನ್ ಮಾತ್ರೆ ಜೊತೆ ಬೆರೆಸಿದರೆ ಬೆಂಕಿಯೇ ಹತ್ತಬಹುದು. ಈ ಮೂರನ್ನೂ ಒಂದೇ ಕಪಾಟಿನಲ್ಲಿ ಇಡಬೇಡಿ.

ರೋಹಿಣಿ ಮಳೆ ಹನಿಯುವ ಹೊತ್ತಿಗೆ, ಮೃಗಶಿರ ಹಿಡಿಯುವ ಮೊದಲೇ, ಪೂಲು ಅಂಗಳದಿಂದ ಏಳಬೇಕು. ನಾಲ್ಕು ದಿನ ಮೊದಲೇ ಕ್ಲೋರಿನ್ ಹಾಕುವುದು ನಿಲ್ಲಿಸಿ, ಹೊದಿಕೆ ತೆಗೆದು ಬಿಸಿಲಿಗೆ ಬಿಡಿ. ಕಿಟ್ಟಿನಲ್ಲಿ ಕ್ಲೋರಿನ್ ಕಾಣದಾದ ಮೇಲೆ ಅದೇ ಬಸಿಗಾಲುವೆಯಲ್ಲಿ ತೆಂಗಿಗೆ, ಬಾಳೆಗೆ ನೀರು ಬಿಡಬಹುದು. ಹಳ್ಳಕ್ಕೆ, ಮೀನಿನ ಹೊಂಡಕ್ಕೆ, ಬಾವಿಯ ಪಕ್ಕಕ್ಕೆ ಬೇಡ. ‘ಇರಲಿ ಬಿಡು, ಮುಂದಿನ ಬೇಸಿಗೆಗೆ ಮತ್ತೆ ಕಟ್ಟುವ ತಾಪತ್ರಯ ಯಾಕೆ’ ಎಂದು ಮಳೆಗಾಲಕ್ಕೂ ಬಿಟ್ಟವರ ಪೂಲಿನಲ್ಲಿ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಏಳರಿಂದ ಹತ್ತು ದಿನ ಸಾಕು. ಜೊತೆಗೆ ಕಾಲಿನ ಕೆಳಗಿನ ಮಣ್ಣು ಮೆತ್ತಗಾಗಿ, ಮೊದಲು ಕಷ್ಟಪಟ್ಟು ಹಿಡಿದ ಮಟ್ಟ ತಾನಾಗಿ ತಪ್ಪುತ್ತದೆ. ಬಿಚ್ಚಿದ ಪ್ಲಾಸ್ಟಿಕ್ಕನ್ನು ಎರಡು ಬಿಸಿಲು ಪೂರಾ ಒಣಗಿಸಿ, ಮಡಿಕೆಗಳ ನಡುವೆ ಟಾಲ್ಕಂ ಪೌಡರು ಉದುರಿಸಿ, ಅಟ್ಟದ ಮೇಲೆ ಇಲಿ ಮುಟ್ಟದ ತಗಡಿನ ಡ್ರಮ್ಮಿನಲ್ಲಿಡಿ. ಹಸಿಯಾಗಿ ಮಡಿಚಿದ್ದು ಆಷಾಢದ ಬೂಸಲಿಗೆ ಉಳಿಯುವುದಿಲ್ಲ. ಕೊಳವೆಗಳ ಒಳಗಿನ ನೀರು ಬಸಿದು, ತುದಿಗಳಿಗೆ ಎಣ್ಣೆ ಸವರಿ.

ಈ ಬೇಸಿಗೆಗೆ ಪೂಲು ತರಿಸುವ ಯೋಚನೆಯಲ್ಲಿರುವವರು ಪೂಲಿನ ಬೆಲೆ ನೋಡುವ ಮೊದಲು ಬೇಲಿ, ಆರ್‌ಸಿಸಿಬಿ, ಪರೀಕ್ಷೆ ಕಿಟ್ಟು ಈ ಮೂರರ ದುಡ್ಡನ್ನು ಬದಿಗೆ ಎತ್ತಿಡಿ. ಉಳಿದದ್ದರಲ್ಲಿ ಬರುವ ಪೂಲು ಸಣ್ಣದಾದರೆ ಸಣ್ಣದನ್ನೇ ತನ್ನಿ. ಏನೂ ಉಳಿಯದಿದ್ದರೆ ಈ ವರ್ಷ ಬೇಲಿ ಕಟ್ಟಿ, ಪೂಲು ಮುಂದಿನ ವರ್ಷಕ್ಕಿರಲಿ.